ಕೊಹಾ: ಕಲಿಯುವವರಿಗೆ ಒದಗುವ ತಂತ್ರಾಂಶ

ನ್ಯೂಜಿಲೆಂಡಿನ ಹೊರೊವೆನುವಾ ಗ್ರಂಥಾಲಯಕ್ಕಾಗಿ ರೂಪುಗೊಂಡು 2000ರಲ್ಲಿ ಬಳಕೆಗೆ ಬಂದ ಕೊಹಾ ಎಂಬ ಗ್ರಂಥಾಲಯ ನಿರ್ವಹಣಾ ತಂತ್ರಾಂಶವು ಉಚಿತವಾಗಿ ದೊರೆಯುವುದರಿಂದ, ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಪರವಾನಗಿ ಶುಲ್ಕದ ಚಿಂತೆಯಿಲ್ಲದೆ ಅದನ್ನು ತಮ್ಮ ಲ್ಯಾಪ್‌ಟಾಪಿನಲ್ಲಿಯೇ ಅಳವಡಿಸಿಕೊಂಡು ಕಲಿಯಬಹುದು. ಅದಕ್ಕೆ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಬೇಕು. ಕಮಾಂಡುಗಳ ಪರಿಚಯವಿಲ್ಲದವರಿಗೆ ಈ ಹಂತ ತುಸು ಕಷ್ಟವೇ.

ನನಗೆ ಹೆಚ್ಚು ಹಿಡಿಸಿದ್ದು ಪುಸ್ತಕಗಳ ವಿವರ ದಾಖಲಿಸುವ ಸೂಚೀಕರಣ ವಿಭಾಗ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ, ಪುಸ್ತಕದ ಒಂದೊಂದು ವಿವರಕ್ಕೂ ಒಂದೊಂದು ಅಂಕಣವನ್ನು ಗೊತ್ತುಮಾಡುವ ಮಾರ್ಕ್ 21 ಮಾನದಂಡದ ಸಂಖ್ಯೆಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. 100ರಲ್ಲಿ ಲೇಖಕರ ಹೆಸರನ್ನೂ 245ರಲ್ಲಿ ಶೀರ್ಷಿಕೆಯನ್ನೂ ತುಂಬಿ ಉಳಿಸಿದರೆ, ಓದುಗರು ಬಳಸುವ ಆನ್‌ಲೈನ್ ಸೂಚಿಯಲ್ಲಿ ಆ ಪುಸ್ತಕ ಹುಡುಕಾಟಕ್ಕೆ ಸಿಗುತ್ತದೆ. ಬೇರೆ ಗ್ರಂಥಾಲಯಗಳ ಸೂಚಿಯಲ್ಲಿ ಹುಡುಕಿ ದಾಖಲೆ ಪಡೆಯುವ ಝಡ್39.50 ಎಂಬ ವಿಧಾನದ ಮೂಲಕ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ದಾಖಲೆಗಳನ್ನು ತರಿಸಿಕೊಳ್ಳಬಹುದಾದರೂ, ಕನ್ನಡ ಪುಸ್ತಕಗಳ ವಿವರ ಅಲ್ಲಿ ಸಾಮಾನ್ಯವಾಗಿ ರೋಮನ್ ಲಿಪಿಯಲ್ಲಿರುವ ಕಾರಣ ಕನ್ನಡ ಲಿಪಿಯ ನಮೂದನ್ನು ನಾವೇ ಸೇರಿಸಬೇಕಾಗುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಬೇರೆ ಇಲ್ಲವೆಂದೇ ನನ್ನ ಅನಿಸಿಕೆ.