19 ಕೋಟಿ ವರ್ಷ ಉಳಿದ ಮೂಳೆ ಎರಡೇ ಮಳೆಗಾಲಕ್ಕೆ ಪುಡಿ: ಡಾರ್ಸೆಟ್ ತೀರದಿಂದ ಪಳೆಯುಳಿಕೆ ತರುವವರು ಓದಿ

ಇಂಗ್ಲೆಂಡಿನ ಡಾರ್ಸೆಟ್ ತೀರದ ಚಾರ್ಮತ್‌ನಲ್ಲಿ ಹೆಕ್ಕಿದ್ದು, ಮಂಗಳೂರಿನ ಮನೆಯೊಂದರ ಶೋಕೇಸಿನಲ್ಲಿ ಹತ್ತಿಯ ಮೇಲೆ ಇಟ್ಟದ್ದು: ಇಕ್ತಿಯೊಸಾರ್ ಎಂಬ ಕಡಲ ಸರೀಸೃಪದ ಬೆನ್ನೆಲುಬಿನ ಒಂದು ಬಿಲ್ಲೆ. ಮೊದಲ ಮಳೆಗಾಲ ಮುಗಿಯುವಾಗ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು, ಬಿರುಕಿನ ಬಾಯಲ್ಲಿ ಬೂದು-ಹಳದಿ ಪುಡಿ. ಬೂಷ್ಟು ಹಿಡಿದಿದೆ ಎಂದುಕೊಂಡು ಮನೆಯವರು ಒದ್ದೆ ಬಟ್ಟೆಯಲ್ಲಿ ಒರೆಸಿದರು. ಎರಡನೆಯ ಮಳೆಗಾಲಕ್ಕೆ ಬಿಲ್ಲೆ ನಾಲ್ಕು ಹೋಳು. ಕೆಳಗಿನ ಹತ್ತಿ ಕಂದಾಗಿ, ಮುಟ್ಟಿದರೆ ಉದುರುವಂತಾಗಿತ್ತು. ಸಿಕ್ಕಿದ ಜಾಗ, ದಿನಾಂಕ ಬರೆದಿಟ್ಟ ಚೀಟಿಯಲ್ಲಿ ಬೆಂಕಿ ತಾಗಿದಂಥ ತೂತುಗಳು.

ಅದು ಬೂಷ್ಟಲ್ಲ, ಪೈರೈಟ್ ಕೊಳೆತ. ಜುರಾಸಿಕ್ ಕಾಲದಲ್ಲಿ ಈ ಮೂಳೆ ಹೂತುಹೋದ ಕಡಲ ತಳದ ಕೆಸರಿನಲ್ಲಿ ಆಮ್ಲಜನಕ ಇರಲಿಲ್ಲ. ಅಲ್ಲಿನ ಬ್ಯಾಕ್ಟೀರಿಯಾಗಳು ಬಿಟ್ಟ ಕೊಳೆತ ಮೊಟ್ಟೆ ವಾಸನೆಯ ಅನಿಲ ಕಬ್ಬಿಣದೊಡನೆ ಕೂಡಿ ಪೈರೈಟ್ ಆಯಿತು, ಅಂದರೆ ಕಬ್ಬಿಣ ಮತ್ತು ಗಂಧಕದ ಖನಿಜ. ಅದು ಮೂಳೆಯ ಸೂಕ್ಷ್ಮ ರಂಧ್ರಗಳಲ್ಲಿ ಕಣಕಣವಾಗಿ ತುಂಬಿಕೊಂಡಿತು. ಜೇಡಿಯೊಳಗೆ ಇದ್ದಷ್ಟು ಕಾಲ ಏನೂ ಆಗಲಿಲ್ಲ. ಹೊರಗೆ ಬಂದ ಮೇಲೆ ಗಾಳಿ ಮತ್ತು ತೇವ ಎರಡೂ ಸಿಕ್ಕರೆ ಪೈರೈಟ್ ಒಡೆದು ಕಬ್ಬಿಣದ ಸಲ್ಫೇಟ್ ಮತ್ತು ಗಂಧಕಾಮ್ಲ ಹುಟ್ಟುತ್ತವೆ. ಸಲ್ಫೇಟಿಗೆ ಪೈರೈಟಿಗಿಂತ ಹೆಚ್ಚು ಜಾಗ ಬೇಕು, ಹಾಗಾಗಿ ಮೂಳೆ ಒಳಗಿನಿಂದಲೇ ಸೀಳುತ್ತದೆ. ಹತ್ತಿಯನ್ನೂ ಚೀಟಿಯನ್ನೂ ತಿಂದದ್ದು ಆ ಆಮ್ಲ. ಗಾಳಿಯ ತೇವಾಂಶ ಶೇ. 60 ದಾಟಿದರೆ ಈ ಕ್ರಿಯೆ ಚುರುಕಾಗುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ 80ರ ಮೇಲೇ ಇರುವುದು ಮಾಮೂಲು. ಲಂಡನ್ನಿನ ಹೀಟರ್ ಹಾಕಿದ ಕೋಣೆಯಲ್ಲಿ ಹತ್ತಾರು ವರ್ಷ ತೆಪ್ಪಗಿದ್ದೀತು ಅನ್ನುವ ಮೂಳೆ ನಮ್ಮಲ್ಲಿ ಎರಡು ವರ್ಷಕ್ಕೆ ಮುಗಿಯುವುದು ಇದಕ್ಕೇ.

ಎಲ್ಲ ಮೂಳೆಗೂ ಈ ಗತಿ ಇಲ್ಲ. ಲೈಮ್ ರೀಜಿಸ್ ಸುತ್ತಲಿನ ಬ್ಲೂ ಲಯಾಸ್ ಎಂಬ ಶಿಲಾಪದರಗಳಲ್ಲಿ ಸುಣ್ಣಕಲ್ಲಿನೊಳಗೆ ಸಿಕ್ಕಿದ್ದು ಸಾಮಾನ್ಯವಾಗಿ ಗಟ್ಟಿ. ಚಾರ್ಮತ್ ಕಡೆಯ ಕಪ್ಪು ಜೇಡಿಗಲ್ಲಿನಿಂದ ಬಂದದ್ದನ್ನು ನಂಬಬೇಡಿ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ಮುರಿದ ಬದಿಯನ್ನು ನೋಡಿ. ರಂಧ್ರಗಳಲ್ಲಿ ಹಿತ್ತಾಳೆಯ ಮಿನುಗು ಕಂಡರೆ, ಗಾತ್ರಕ್ಕೆ ಮೀರಿದ ತೂಕವಿದ್ದರೆ, ಅದು ಪೈರೈಟ್ ತುಂಬಿದ ಮೂಳೆ. ಅದನ್ನು ಭಾರತಕ್ಕೆ ತರದಿರುವುದೇ ಮೇಲು.

ಮೂಳೆ ಹೌದೋ ಅಲ್ಲವೋ ಎಂಬುದನ್ನೂ ಅದೇ ಗನ್ನಡಿ ಹೇಳುತ್ತದೆ. ಮೂಳೆಯೊಳಗೆ ಜೇನುಗೂಡಿನಂಥ ರಚನೆ ಇರುತ್ತದೆ. ಇಕ್ತಿಯೊಸಾರ್ ಬಿಲ್ಲೆ ಎಂದರೆ ನಿಪ್ಪಟ್ಟಿನ ನಡುವೆ ಎರಡೂ ಕಡೆಯಿಂದ ಹೆಬ್ಬೆರಳು ಒತ್ತಿದ ಹಾಗೆ. ಅಡ್ಡ ಸೀಳಿದರೆ ಡಮರುಗದ ಆಕಾರ. ಪ್ಲೀಸಿಯೊಸಾರ್ ಎಂಬ ಇನ್ನೊಂದು ಕಡಲ ಸರೀಸೃಪದ ಬಿಲ್ಲೆ ಅದಕ್ಕಿಂತ ಉದ್ದ, ತುದಿಗಳು ಚಪ್ಪಟೆ, ಅಡಿಯಲ್ಲಿ ಜೋಡಿ ತೂತು. ಹೊಸಬರು ಚೀಲ ತುಂಬಿಕೊಳ್ಳುವುದು ಮಾತ್ರ ‘ಬೀಫ್’ ಎಂದು ಅಲ್ಲಿಯವರು ಕರೆಯುವ ನಾರುನಾರಾದ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜವನ್ನು. ಮಾಂಸದ ಎಳೆಯಂತೆ ಕಾಣುವುದರಿಂದ ಆ ಹೆಸರು. ಮೂಳೆಗೂ ಅದಕ್ಕೂ ಸಂಬಂಧವಿಲ್ಲ. ನಾಲಿಗೆಗೆ ಅಂಟಿದರೆ ಮೂಳೆ ಎಂಬ ಪರೀಕ್ಷೆ ರಂಧ್ರಗಳೆಲ್ಲ ಖನಿಜದಿಂದ ತುಂಬಿದ ಈ ಮೂಳೆಗಳಿಗೆ ನಡೆಯದು. ಸುಮ್ಮನೆ ಬಾಯಿ ಉಪ್ಪಾಗುತ್ತದೆ.

ತೀರದಲ್ಲಿ ಆಗುವ ದೊಡ್ಡ ನಷ್ಟ ಬೇರೆ. ಬಿದ್ದ ಬಂಡೆಯೊಂದರಲ್ಲಿ ಮೂರು ಬಿಲ್ಲೆ ಸಾಲಾಗಿ ಕಂಡವೆನ್ನಿ. ಸುತ್ತಿಗೆಯಿಂದ ಒಂದೊಂದೇ ಎಬ್ಬಿಸಿದರೆ ಕೈಗೆ ಮೂರು ಬಿಲ್ಲೆ ಬರಬಹುದು, ಆದರೆ ಆ ಪ್ರಾಣಿಯ ಮೂಳೆಗಳ ಜೋಡಣೆ ಶಾಶ್ವತವಾಗಿ ಹೋಯಿತು. ನಾಣ್ಯ ಪಕ್ಕಕ್ಕಿಟ್ಟು ಫೋಟೋ ತೆಗೆಯಿರಿ, ಜಾಗ ಗುರುತಿಸಿ, ಚಾರ್ಮತ್ ಹೆರಿಟೇಜ್ ಕೋಸ್ಟ್ ಸೆಂಟರಿಗೆ ತಿಳಿಸಿ. ಪಶ್ಚಿಮ ಡಾರ್ಸೆಟ್‌ನ ಸಂಗ್ರಹ ನಿಯಮದ ಪ್ರಕಾರ ತೀರದಲ್ಲಿ ಸಡಿಲವಾಗಿ ಬಿದ್ದದ್ದನ್ನು ಹೆಕ್ಕಬಹುದು, ಅನುಮತಿಯಿಲ್ಲದೆ ಬಂಡೆಗೋಡೆ ಅಗೆಯುವಂತಿಲ್ಲ, ವೈಜ್ಞಾನಿಕವಾಗಿ ಮುಖ್ಯವಾದದ್ದನ್ನು ದಾಖಲಿಸಬೇಕು. ಇದೇ ಕೌಂಟಿಯ ಆಸ್ಮಿಂಗ್ಟನ್ ಮಿಲ್ಸ್‌ನಲ್ಲಿ ಪ್ಲಯೊಸಾರ್ ಎಂಬ ದೈತ್ಯ ಕಡಲ ಸರೀಸೃಪವೊಂದರ ತಲೆಬುರುಡೆ ತುಂಡುತುಂಡಾಗಿ ಬೀಳುತ್ತಿತ್ತು. ಸ್ಥಳೀಯ ಸಂಗ್ರಾಹಕರೊಬ್ಬರು 2003ರಿಂದ 2008ರವರೆಗೆ ಒಂದೊಂದನ್ನೂ ಕೂಡಿಟ್ಟರು. ಆ ಸುಮಾರು 2.4 ಮೀಟರ್ ಉದ್ದದ ಬುರುಡೆ ಈಗ ಡಾರ್ಸೆಟ್ ಮ್ಯೂಸಿಯಂನಲ್ಲಿದೆ.

ಬಂಡೆಗೋಡೆಯ ಬುಡದಲ್ಲಿ ಕೂತು ಬುತ್ತಿ ಬಿಚ್ಚಬೇಡಿ. 2012ರ ಜುಲೈನಲ್ಲಿ ಹತ್ತಿರದ ಬರ್ಟನ್ ಬ್ರಾಡ್‌ಸ್ಟಾಕ್‌ನಲ್ಲಿ ಬಂಡೆ ಕುಸಿದು ಯುವತಿಯೊಬ್ಬರು ತೀರಿಕೊಂಡರು. ಲೈಮ್ ರೀಜಿಸ್‌ನ ಹೆಸರಾಂತ ಪಳೆಯುಳಿಕೆ ಸಂಗ್ರಾಹಕಿ ಮೇರಿ ಆನಿಂಗ್ ಅವರ ನಾಯಿ ಸತ್ತದ್ದೂ 1833ರ ಇಂಥದೇ ಕುಸಿತದಲ್ಲಿ. ಲೈಮ್ ಮತ್ತು ಚಾರ್ಮತ್ ನಡುವಿನ ದಾರಿ ಭರತ ಬಂದಾಗ ಮುಚ್ಚಿಹೋಗುತ್ತದೆ. ನೀರು ಇಳಿಯುತ್ತಿರುವಾಗ ಹೊರಟು, ಏರತೊಡಗುವ ಮುಂಚೆ ವಾಪಸಾಗಿ.

ಇನ್ನು ಮನೆಯಲ್ಲಿ. ಮೊದಲ ತಪ್ಪು, ಕಡಲುಪ್ಪನ್ನು ತೆಗೆಯದೇ ಒಣಗಿಸುವುದು. ರಂಧ್ರದಲ್ಲಿ ಉಪ್ಪು ಹರಳುಗಟ್ಟಿ ಮೇಲ್ಮೈಯನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಗಟ್ಟಿ ಮೂಳೆಯನ್ನು ಸಿಹಿನೀರಿನಲ್ಲಿ ಒಂದು ವಾರ ಮುಳುಗಿಸಿಟ್ಟು ದಿನಕ್ಕೊಮ್ಮೆ ನೀರು ಬದಲಿಸಿ. ಪೈರೈಟ್ ಇರುವ ಅನುಮಾನವಿದ್ದರೆ ಎರಡು-ಮೂರು ದಿನ ಸಾಕು. ಕೊನೆಯ ಸಲ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬಳಸಿ, ಅದರದ್ದೊಂದು ಚಮಚ ಗಾಜಿನ ಮೇಲೆ ಒಣಗಿಸಿ ನೋಡಿ. ಬಿಳಿ ಉಂಗುರ ಮೂಡಿದರೆ ಉಪ್ಪು ಇನ್ನೂ ಇದೆ. ಒಣಗಿಸುವುದು ನೆರಳಿನಲ್ಲಿ. ಅಡುಗೆಮನೆ ತಕ್ಕಡಿಯಲ್ಲಿ ದಿನಾ ತೂಗಿ, ತೂಕ ಇಳಿಯುವುದು ನಿಲ್ಲುವವರೆಗೆ ಕಾಯಿರಿ.

ಎರಡನೆಯದು ಮರಕ್ಕೆ ಹಚ್ಚುವ ಬಿಳಿ ಗೋಂದು ನೀರಿಗೆ ಕಲಸಿ ಬಳಿಯುವುದು. ತೇವ ಒಳಗೇ ಉಳಿಯುತ್ತದೆ, ಮುಂದೆ ಸಿಪ್ಪೆಯಾಗಿ ಎದ್ದಾಗ ಮೂಳೆಯ ಚರ್ಮವೂ ಅದರೊಡನೆ ಬರುತ್ತದೆ. ಮ್ಯೂಸಿಯಂಗಳು ಬಳಸುವುದು ಪ್ಯಾರಲಾಯ್ಡ್ ಬಿ-72 ಎಂಬ ರಾಳ: 5 ಗ್ರಾಂ ಹರಳು, 100 ಮಿಲಿಲೀಟರ್ ಅಸಿಟೋನ್, ತೆಳುಬಟ್ಟೆಯ ಗಂಟಿನಲ್ಲಿ ಇಳಿಬಿಟ್ಟು ರಾತ್ರಿಯಿಡೀ ಕರಗಿಸಿದರೆ ಸಿದ್ಧ. ಬೇಡವೆನಿಸಿದಾಗ ಅಸಿಟೋನಿನಲ್ಲೇ ತೆಗೆಯಬಹುದು. ಮೂಳೆ ಹಸಿಯಿದ್ದರೆ, ಅಥವಾ ಮಳೆ ಹಿಡಿದ ದಿನ ಬಳಿದರೆ, ಮೇಲೆ ಹಾಲಿನಂಥ ಮಬ್ಬು ಕೂರುತ್ತದೆ. ಒಲೆಯ ಹತ್ತಿರವಂತೂ ಅಸಿಟೋನ್ ಡಬ್ಬಿ ಬಿಚ್ಚಲೇಬಾರದು. ಈ ರಾಳ ಪುಡಿಮೂಳೆಯನ್ನು ಹಿಡಿದಿಡುತ್ತದೆ ಅಷ್ಟೆ. ಪೈರೈಟನ್ನು ತಡೆಯದು, ಗಾಳಿ-ತೇವ ಅದರ ಮೂಲಕವೂ ನುಸುಳುತ್ತವೆ.

ಕಲ್ಲು ಕರಗಿಸಲು ವಿನೆಗರಿನಲ್ಲಿ ಅದ್ದುವವರಿದ್ದಾರೆ. ಸುಣ್ಣಕಲ್ಲಿನ ಜೊತೆ ಮೂಳೆಯ ಅಂಚೂ ಕರಗುತ್ತದೆ. ಪ್ರಯೋಗಾಲಯದಲ್ಲಿ ತೆಳು ಅಸಿಟಿಕ್ ಆಮ್ಲಕ್ಕೆ ಮೊದಲೇ ಕ್ಯಾಲ್ಸಿಯಂ ಫಾಸ್ಫೇಟ್ ಬೆರೆಸಿ, ತೆರೆದುಕೊಂಡ ಮೂಳೆಗೆ ಪ್ರತಿ ಸಲ ರಾಳ ಬಳಿದು, ಆಮ್ಲದಲ್ಲಿ ಇದ್ದದ್ದಕ್ಕಿಂತ ಹೆಚ್ಚು ಹೊತ್ತು ನೀರಿನಲ್ಲಿ ತೊಳೆಯುತ್ತಾರೆ. ಅಷ್ಟು ಮಾಡಲಾಗದಿದ್ದರೆ ಸೂಜಿ, ಬ್ರಷ್ ಮತ್ತು ತಾಳ್ಮೆ ಸಾಕು. ಟಾಯ್ಲೆಟ್ ಆಸಿಡ್ಡಿನ ಮಾತೇ ಬೇಡ.

ಇಡುವುದಕ್ಕೆ ಮರದ ಶೋಕೇಸ್ ಸಲ್ಲದು, ಮರವೂ ಆಮ್ಲದ ಆವಿ ಬಿಡುತ್ತದೆ. ಬಿಗಿ ಮುಚ್ಚಳದ 5 ಲೀಟರ್ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವ ಹೀರಿದಾಗ ಬಣ್ಣ ಬದಲಿಸುವ 100 ಗ್ರಾಂ ಕಿತ್ತಳೆ ಸಿಲಿಕಾ ಜೆಲ್, ತೇವಾಂಶ ಅಳೆಯುವ ಒಂದು ಪುಟ್ಟ ಹೈಗ್ರೋಮೀಟರ್. ನೀಲಿ ಜೆಲ್‌ನಲ್ಲಿ ವಿಷಕಾರಿ ಕೋಬಾಲ್ಟ್ ಇರುತ್ತದೆ, ಬೇಡ. ಮುಳ್ಳು 30-40ರ ನಡುವೆ ಇರಲಿ. ಮೂಳೆ ಜೇಡಿಗಲ್ಲಿನ ಹಲಗೆಯ ಮೇಲಿದ್ದರೆ ಅದಕ್ಕಿಂತ ಒಣಗಿಸಬೇಡಿ, ಕಲ್ಲು ಕುಗ್ಗಿ ಪದರ ಬಿಡುತ್ತದೆ.

ಪುಡಿ ಕಾಣಿಸಿಕೊಂಡಿದ್ದರೆ ನೀರು ಸೋಕಿಸಬೇಡಿ. ನೀರು ತಗುಲಿದರೆ ಆ ಪುಡಿಯೇ ಆಮ್ಲ. ಕೈಗವಸು, ಮಾಸ್ಕ್ ಹಾಕಿ, ಒಣ ಬ್ರಷ್ಷಿನಿಂದ ಪುಡಿ ತೆಗೆಯಿರಿ, ಚೀಟಿಯನ್ನು ನಕಲು ಮಾಡಿ ಬೇರೆ ಇಡಿ, ಮೂಳೆಯನ್ನು ಉಳಿದವುಗಳಿಂದ ದೂರ ಮಾಡಿ ಜೆಲ್ ಡಬ್ಬಿಗೆ ಹಾಕಿ. ಆಮ್ಲವನ್ನು ತಣಿಸುವ ಅಮೋನಿಯಾ ಆವಿಯ ಉಪಚಾರ ತಜ್ಞರ ಕೆಲಸ, ಅಡುಗೆಮನೆಯದಲ್ಲ. ಮೃಗಶಿರ ಮಳೆ ಹಿಡಿಯುವ ಮುಂಚೆ, ಜೂನ್ ಮೊದಲ ವಾರದೊಳಗೆ, ಜೆಲ್ಲನ್ನು 110-120 ಡಿಗ್ರಿ ಓವನ್ನಿನಲ್ಲಿ ಬಣ್ಣ ಮರಳುವವರೆಗೆ ಕಾಯಿಸಿ, ಆರಿಸಿ, ಡಬ್ಬಿಗೆ ಹಾಕಿ. ಆಮೇಲೆ ಸೆಪ್ಟೆಂಬರ್‌ವರೆಗೆ ನೆಂಟರು ಕೇಳಿದರೂ ಮುಚ್ಚಳ ತೆಗೆಯಬೇಡಿ, ಹೊರಗಿನಿಂದಲೇ ತೋರಿಸಿ.