ಮೂರು ಡೆಕ್ಕಿನ ವೈಬ್ರೇಟಿಂಗ್ ಸ್ಕ್ರೀನ್: ಹಾಸನದ ಕ್ರಷರ್‌ನಲ್ಲಿ ಹಲವು ಮಳೆಗಾಲ ಓಡಿಸಿದ ಮೇಲೆ

ಅರಸೀಕೆರೆ ರಸ್ತೆಯಲ್ಲಿರುವ ನಮ್ಮ ಕ್ರಷರ್‌ಗೆ ಈ ಸ್ಕ್ರೀನ್, ಅಂದರೆ ಒಡೆದ ಕಲ್ಲನ್ನು ನಡುಗಿಸಿ ಗಾತ್ರದ ಪ್ರಕಾರ ಬೇರ್ಪಡಿಸುವ ಜರಡಿ, ಬಂದು ವರ್ಷಗಳೇ ಆದವು. ಒಂದರ ಕೆಳಗೊಂದು ಮೂರು ಡೆಕ್, ಅಂದರೆ ಅಂತಸ್ತು: ಮೇಲಿನ ಡೆಕ್ಕಿನಲ್ಲಿ 22 ಎಂಎಂ ತೂತಿನ ಮೆಶ್ (ತಂತಿ ಜಾಲರಿ), ನಡುವೆ 12, ಕೆಳಗೆ 6. ಮೇಲೆ ಉಳಿದ ದಪ್ಪ ಕಲ್ಲು ರಿಟರ್ನ್ ಬೆಲ್ಟ್ ಹಿಡಿದು ಮತ್ತೆ ಕಲ್ಲು ಒಡೆಯುವ ಕೋನ್‌ಗೆ ಹೋಗುತ್ತದೆ. 20ರ (20 ಎಂಎಂ) ಜಲ್ಲಿ, ಅದಕ್ಕಿಂತ ಸಣ್ಣ ಬೇಬಿ ಜಲ್ಲಿ, ಡಸ್ಟ್ (ಕಲ್ಲಿನ ಪುಡಿ) ಬೇರೆ ಬೇರೆ ರಾಶಿಗೆ ಬೀಳುತ್ತವೆ. 20ರ ಜಲ್ಲಿಗೆ 22ರ ಮೆಶ್ ಯಾಕೆ ಅಂತ ಹೊಸಬರು ಕೇಳುತ್ತಾರೆ. ಜಾಲರಿ ಇಳಿಜಾರಾಗಿದೆ, ಅಲ್ವಾ? ಮೇಲಿಂದ ಬೀಳುವ ಕಲ್ಲಿಗೆ ಅದೇ ತೂತು ಸಣ್ಣದಾಗಿ ಸಿಗುತ್ತದೆ. ಅದಕ್ಕೇ ಸ್ವಲ್ಪ ದೊಡ್ಡದು ಹಾಕಬೇಕು.

ಯಂತ್ರ ಗಟ್ಟಿಯಾಗಿದೆ, ತಗೊಳ್ಳಬಹುದು. ಸೈಡ್ ಪ್ಲೇಟಿನಲ್ಲಿ ಇವತ್ತಿಗೂ ಒಂದು ಬಿರುಕಿಲ್ಲ. ಆದರೆ ಯಂತ್ರ ನೋಡಲು ಬರುವವರೆಲ್ಲ ಮೋಟರ್ ಎಷ್ಟು ಎಚ್‌ಪಿ ಅಂತ ಕೇಳುತ್ತಾರೆ. ಮೆಶ್ ಹೇಗೆ ಬಿಗಿಯುತ್ತದೆ ಅಂತ ಯಾರೂ ಕೇಳುವುದಿಲ್ಲ. ಜಲ್ಲಿಯ ಗುಣಮಟ್ಟ ನಿಂತಿರುವುದೇ ಅದರ ಮೇಲೆ.

ಯಂತ್ರದ ಜೊತೆ ಬಂದ ಮೆಶ್ ಚೆನ್ನಾಗಿರಲಿಲ್ಲ. ಅಂಚನ್ನು ಕೊಕ್ಕೆಯಂತೆ ಮಡಿಸಿದ ಜಾಗದಲ್ಲೇ ತಂತಿ ತುಂಡಾಗುತ್ತಿತ್ತು. ಕಂಪನಿಯವರಿಗೆ ಹೇಳಿದರೆ ಲೋಡ್ ಜಾಸ್ತಿ ಹಾಕಿದ್ದೀರಿ ಅಂದರು. ಆಮೇಲೆ ಸ್ಪ್ರಿಂಗ್ ಸ್ಟೀಲ್ ಮೆಶ್ ಬೇರೆ ಕಡೆಯಿಂದ ತರಿಸಿದೆವು, ಆ ತೊಂದರೆ ಹೋಯಿತು. ಆದರೆ ಒಳ್ಳೆಯ ಮೆಶ್ ಆದರೂ ಸಡಿಲ ಬಿಟ್ಟರೆ ಉಳಿಯುವುದಿಲ್ಲ. ಕೆಳಗಿನ ಸಪೋರ್ಟ್ ಬಾರಿನ ಮೇಲೆ ಪಟಪಟ ಬಡಿದು ಬಡಿದು ಅಲ್ಲೇ ಸವೆಯುತ್ತದೆ. ಬಾರಿನ ಮೇಲಿನ ರಬ್ಬರ್ ಪಟ್ಟಿ ಹರಿದಿದ್ದರಂತೂ ಇನ್ನೂ ಬೇಗ. ಹೊಸ ಮೆಶ್ ಹಾಕಿದ ದಿನ ಮಧ್ಯಾಹ್ನ ಯಂತ್ರ ನಿಲ್ಲಿಸಿ ಬೋಲ್ಟು ಮತ್ತೊಮ್ಮೆ ಬಿಗಿ ಮಾಡಲೇಬೇಕು, ಯಾಕೆಂದರೆ ತಂತಿ ಕೂತ ಮೇಲೆ ಸ್ವಲ್ಪ ಸಡಿಲವಾಗುತ್ತದೆ. ಒಂದು ಪಕ್ಕ ಪೂರ್ತಿ ಎಳೆದು ಆಮೇಲೆ ಇನ್ನೊಂದು ಪಕ್ಕಕ್ಕೆ ಹೋಗಬಾರದು; ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಬರಬೇಕು. ನಮ್ಮ ಫಿಟ್ಟರ್ ಸುತ್ತಿಗೆಯ ಹಿಡಿಯಿಂದ ಮೆಶ್ ತಟ್ಟಿ ಕಿವಿಗೊಡುತ್ತಾನೆ. ಬಿಗಿ ಇದ್ದರೆ ಟಣ್ ಅನ್ನುತ್ತದೆ. ಮಂಕು ಸದ್ದು ಬಂದರೆ "ಸಾರ್, ಇನ್ನೊಂದು ಸುತ್ತು ಕೇಳ್ತಾ ಇದೆ" ಅಂತ ಸ್ಪ್ಯಾನರ್ ಎತ್ತುತ್ತಾನೆ.

ಮಳೆಗಾಲ ಈ ಯಂತ್ರಕ್ಕೆ ನಿಜವಾದ ಪರೀಕ್ಷೆ. ಸಕಲೇಶಪುರದಷ್ಟು ಮಳೆ ನಮಗಿಲ್ಲ. ಆದರೆ ಜುಲೈನ ಜಿಟಿಜಿಟಿ ಮಳೆ ಸಾಕು, ಡಸ್ಟ್ ಅಂಟಾಗುತ್ತದೆ. 6 ಎಂಎಂ ಡೆಕ್ಕಿನ ತೂತುಗಳು ರೊಟ್ಟಿ ತಟ್ಟಿದ ಹಾಗೆ ಮುಚ್ಚಿಕೊಳ್ಳುತ್ತವೆ. ಆಗ ಡಸ್ಟ್ ಕೆಳಗೆ ಇಳಿಯದೆ ಬೇಬಿ ಜಲ್ಲಿಯ ಜೊತೆಗೇ ಹೋಗುತ್ತದೆ, ಕಾಂಕ್ರೀಟ್ ಪ್ಲಾಂಟಿನವರು ಲೋಡ್ ವಾಪಸ್ ಕಳಿಸುತ್ತಾರೆ. ಇದಕ್ಕೆ ಹಾರ್ಪ್ ಮೆಶ್ ಒಳ್ಳೆಯ ದಾರಿ. ಅದರಲ್ಲಿ ಉದ್ದ ತಂತಿಗಳು ಒಂದೊಂದೂ ಬೇರೆ ಬೇರೆಯಾಗಿ ನಡುಗುತ್ತವೆ, ಅಂಟಿದ್ದು ತಾನಾಗಿ ಉದುರುತ್ತದೆ. ಒಂದು ಕೊರತೆ ಇದೆ: ಚಪ್ಪಟೆ, ಉದ್ದ ಚೂರುಗಳೂ ನುಸುಳಿಬಿಡುತ್ತವೆ. ಹಾಗಾಗಿ ನಾವು ಮಳೆ ತಿಂಗಳುಗಳಿಗಷ್ಟೇ ಹಾಕುತ್ತೇವೆ, ಬೇಸಿಗೆಗೆ ಮತ್ತೆ ಚೌಕ ಮೆಶ್.

ರಬ್ಬರ್ ಮೆಶ್ ಮೇಲಿನ ಡೆಕ್ಕಿಗೆ ಹಾಕಿದ್ದೆವು. ಬಾಳಿಕೆ ತುಂಬಾ ಜಾಸ್ತಿ, ಸದ್ದೂ ಕಡಿಮೆ. ಆದರೆ ತೂತಿನ ಜಾಗ ಕಡಿಮೆಯಾಗಿ ಮಾಲು ನಿಧಾನವಾಗಿ ಇಳಿಯಿತು. ಮತ್ತೆ ತಂತಿಗೇ ಬಂದೆವು.

ಕಲ್ಲು ಸುರಿಯುವುದರಲ್ಲೂ ಹಿಡಿತ ಬೇಕು. ಡೆಕ್ಕಿನ ಕೊನೆಯಲ್ಲಿ ಜಲ್ಲಿಯ ಪದರ ತೂತಿನ ನಾಲ್ಕು ಪಟ್ಟಿಗಿಂತ ದಪ್ಪ ಇರಬಾರದು. 22ರ ಮೆಶ್ ಅಂದರೆ ಸುಮಾರು 88 ಎಂಎಂ, ಅಂಗೈ ಅಗಲ. ಅದಕ್ಕಿಂತ ದಪ್ಪವಾದರೆ ಮೇಲಿರುವ ಸಣ್ಣ ಕಲ್ಲಿಗೆ ಜಾಲರಿಯೇ ಸಿಗುವುದಿಲ್ಲ. ದಿನಕ್ಕೆ ಎರಡು ಟಿಪ್ಪರ್ ಜಾಸ್ತಿ ಬರಲಿ ಅಂತ ತುಂಬಿ ತುಂಬಿ ಕೊಡುವುದು ನಷ್ಟವೇ.

ಬೇರಿಂಗ್ ಬಗ್ಗೆ ದೂರಿಲ್ಲ. ಲಿಥಿಯಂ ಗ್ರೀಸ್ ಅನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಹಾಕಿ. ಜಾಸ್ತಿ ತುಂಬಿದರೂ ಬಿಸಿಯಾಗುತ್ತದೆ. ಗ್ರೀಸ್ ಗನ್ ಹಚ್ಚುವ ಮುನ್ನ ನಿಪ್ಪಲ್ (ಗ್ರೀಸ್ ಒಳಹೋಗುವ ಮೂತಿ) ಒರೆಸಿ. ಅದರ ಮೇಲಿನ ಧೂಳೇ ಗ್ರೀಸಿನ ಜೊತೆ ಒಳಗೆ ಹೋಗುತ್ತದೆ.

ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಕಾರ್ಡ್ ಪರೀಕ್ಷೆ. ನಾಲ್ಕು ಮೂಲೆಗೂ ಒಂದೊಂದು ರಟ್ಟು ಅಂಟಿಸಿ, ಯಂತ್ರ ಓಡುವಾಗ ಅಲುಗದ ಕಂಬಕ್ಕೆ ಕೈ ಊರಿ, ಪೆನ್ಸಿಲ್ ತುದಿಯನ್ನು ಒಂದು ಕ್ಷಣ ತಾಗಿಸಬೇಕು. ವೃತ್ತ ಮೂಡುತ್ತದೆ. ಎಡಕ್ಕೂ ಬಲಕ್ಕೂ ಒಂದೇ ಅಳತೆ ಬಂದರೆ ಸರಿ. ಒಂದು ಕಡೆ ಮಾತ್ರ ಮೊಟ್ಟೆಯಾಕಾರ ಬಂದರೆ ಆ ಮೂಲೆಯ ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಸ್ಪ್ರಿಂಗಿನ ಬುಡದಲ್ಲಿ ಡಸ್ಟ್ ಗಟ್ಟಿಯಾಗಿರಬಹುದು. ಬೆಲ್ಟ್ ಇರುವ ಪಕ್ಕದಲ್ಲಿ ಗಾರ್ಡ್ ಬಿಚ್ಚಿ ಇದನ್ನು ಮಾಡಬೇಡಿ. ಸ್ಪ್ರಿಂಗ್ ಬದಲಿಸುವಾಗ ಆ ಮೂಲೆಯವೆಲ್ಲವನ್ನೂ ಒಟ್ಟಿಗೆ ಬದಲಿಸಿ. ಹಳೆಯದು ಹೊಸದು ಬೆರೆಸಿದರೆ ಎತ್ತರ ಸರಿಬರುವುದಿಲ್ಲ.

ಇನ್ನೊಂದು ಮಾತು. ಸೈಡ್ ಪ್ಲೇಟಿನ ಮೇಲೆ ವೆಲ್ಡಿಂಗ್ ಮಾಡಲು ಯಾರಿಗೂ ಬಿಡಬೇಡಿ, ಸಣ್ಣ ಕೊಕ್ಕೆಗೂ ಬೇಡ. ಬಿರುಕು ಶುರುವಾಗುವುದೇ ಆ ಕಾಯಿಸಿದ ಜಾಗದಿಂದ. ಸಂಜೆ ನಿಲ್ಲಿಸುವಾಗ ಮೊದಲು ಕ್ರಷರ್ ಆಫ್ ಮಾಡಿ, ಡೆಕ್ ಖಾಲಿಯಾದ ಮೇಲೆ ಸ್ಕ್ರೀನ್. ಬೆಳಿಗ್ಗೆ ಮೊದಲು ಸ್ಕ್ರೀನ್, ಆಮೇಲೆ ಕ್ರಷರ್.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಮೆಶ್‌ಗೆ ಮತ್ತು ಸರ್ವಿಸ್‌ಗೆ. ಫೋನ್ ಮಾಡಿದರೆ ಎತ್ತುತ್ತಾರೆ, ಆದರೆ ಇಂಜಿನಿಯರ್ ಬರುವಷ್ಟರಲ್ಲಿ ವಾರ ಕಳೆಯುತ್ತದೆ. ಒಂದು ಡೆಕ್ಕಿಗೆ ಬೇಕಾದ ಮೆಶ್, ಒಂದು ಮೂಲೆಯ ಸ್ಪ್ರಿಂಗ್, ಒಂದು ಜೊತೆ ಬೇರಿಂಗ್ ಸ್ಟೋರಿನಲ್ಲಿ ಇಟ್ಟುಕೊಂಡೇ ಈ ಯಂತ್ರ ತಗೊಳ್ಳಿ.