ಊರಿನ ಸರ್ಕಾರಿ ಆಸ್ಪತ್ರೆಗೆ ನನ್ನ ಮಾರ್ಕು: ಐದಕ್ಕೆ ಮೂರೂವರೆ

ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಂಡ್ಯದ ಪ್ರೈವೇಟ್ ಆಸ್ಪತ್ರೆಯಲ್ಲೇ ತೋರಿಸೋಣ ಅಂತ ನಾನು ಹಟ ಹಿಡಿದಿದ್ದೆ. ಅವಳು ಕೇಳಲಿಲ್ಲ, ಬಸುರಿಯರಿಗೆ ಕೊಡೋ ತಾಯಿ ಕಾರ್ಡ್ ಹಿಡಿದು ನಮ್ಮೂರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಹೋದಳು. ಊರ ಹೆಸರು ಬೇಡ ಬಿಡಿ.

ಮೊದಲು ಬೈದುಬಿಡುತ್ತೇನೆ. ಪ್ರತಿ ತಿಂಗಳು 9ನೇ ತಾರೀಖು ಬಸುರಿಯರನ್ನು ಡಾಕ್ಟರೇ ನೋಡುತ್ತಾರೆ, ಬಿಪಿ, ರಕ್ತ ಪರೀಕ್ಷೆ ಎಲ್ಲ ಫ್ರೀ. ಆದರೆ ಅವತ್ತು ಸುತ್ತಲಿನ ಹಳ್ಳಿಯವರೆಲ್ಲ ಬರುತ್ತಾರೆ, ಇರೋದು ಎರಡೇ ಬೆಂಚು, ಏಳು ತಿಂಗಳ ಹೊಟ್ಟೆ ಹೊತ್ತುಕೊಂಡು ತಂಗಿ ಒಂದೂವರೆ ಗಂಟೆ ಗೋಡೆಗೆ ಒರಗಿ ನಿಂತಿದ್ದಳು. ನೀರಿನ ಫಿಲ್ಟರ್ ಇದೆ, ಅದಕ್ಕೆ ನಲ್ಲಿ ಇಲ್ಲ!

ಹಿಮೋಗ್ಲೋಬಿನ್ 9.2 ಬಂತು. ಬಸುರಿಯರಿಗೆ 11 ಆದರೂ ಇರಬೇಕು. ಸಿಸ್ಟರ್ ಕೇಳಿದ ಮೇಲೆ ಗೊತ್ತಾಯಿತು, ಮಲ ಕಪ್ಪಗೆ ಹೋಗುತ್ತೆ ಅಂತ ಹೆದರಿ ನಮ್ಮ ಹುಡುಗಿ ಕಬ್ಬಿಣದ ಮಾತ್ರೆಯನ್ನೇ ಬಿಟ್ಟಿದ್ದಳು. ಅವರು ಗದರಲಿಲ್ಲ. ಅದು ಮಾಮೂಲಿ, ಟೀ ಕಾಫಿ ಜೊತೆ ಮಾತ್ರ ನುಂಗಬೇಡ ಅಂತ ಬಿಡಿಸಿ ಹೇಳಿದರು.

ಹೆರಿಗೆ ತಾಲ್ಲೂಕು ಆಸ್ಪತ್ರೆಯಲ್ಲಾಯಿತು. ಮನೆಗೆ ಸರ್ಕಾರದ ನಗು-ಮಗು ಗಾಡಿಯಲ್ಲಿ ಬಿಟ್ಟರು, ಕಾಸು ಕೇಳಲಿಲ್ಲ.

ನಾನು ಮಾರ್ಕು ಕೊಡುತ್ತಿರುವುದು ಹೆಚ್ಚಾಗಿ ನಮ್ಮೂರ ಆಶಾ ಕಾರ್ಯಕರ್ತೆಗೆ, ನಮ್ಮ ಆಶಾ ಅಕ್ಕನಿಗೆ. ಮೂರನೇ ದಿನ, ಏಳನೇ ದಿನ, ಹದಿನಾಲ್ಕು, ಹೀಗೆ 42ನೇ ದಿನದವರೆಗೆ ಆರು ಸಲ ಮನೆಗೆ ಬರಬೇಕು, ಒಂದನ್ನೂ ತಪ್ಪಿಸಲಿಲ್ಲ. ಮೊದಲ ಸಲ ಬಂದಾಗ ನಮ್ಮಜ್ಜಿ ಕಲ್ಲಿನ ಮೇಲೆ ಬಜೆ ತೇಯುತ್ತಾ ಕೂತಿದ್ದರು. "ಆರು ತಿಂಗಳು ಬರೀ ಎದೆಹಾಲು ಅಜ್ಜಿ, ನೀರೂ ಬೇಡ" ಅಂದರು ಆಶಾ. "ಆರು ಮಕ್ಕಳನ್ನೂ ಬಜೆ ನೆಕ್ಕಿಸೇ ಸಾಕಿದ್ದು ಕಣವ್ವ ನಾನು" ಅಂದರು ಅಜ್ಜಿ. ಆಶಾ ವಾದಕ್ಕಿಳಿಯಲಿಲ್ಲ. ಜೋಳಿಗೆ ತಕ್ಕಡಿಗೆ ಮಗು ಹಾಕಿದರು. ಹುಟ್ಟಿದಾಗ 2 ಕೆಜಿ 600 ಗ್ರಾಂ ಇದ್ದದ್ದು 2 ಕೆಜಿ 450ಕ್ಕೆ ಇಳಿದಿತ್ತು. ಅಜ್ಜಿ ನನ್ನ ಮುಖ ನೋಡಿದರು, ನೋಡಿದ್ಯಾ ಅನ್ನೋ ಹಾಗೆ. ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುತ್ತೆ, ಹಾಲು ಕುಡಿಸ್ತಾ ಇರಿ ಅಂತ ಆಶಾ ಹೇಳಿ ಹೋದರು. ಹದಿನಾಲ್ಕನೇ ದಿನ 2 ಕೆಜಿ 700. ಇಪ್ಪತ್ತೊಂದನೇ ದಿನ ತಕ್ಕಡಿಯ ಮುಳ್ಳು ನೋಡೋಕೆ ಅಜ್ಜಿಯೇ ಕನ್ನಡಕ ಹಾಕಿಕೊಂಡು ಬಂದು ನಿಂತರು. ಬಜೆ ಕೊಂಬು ಎಲ್ಲಿಗೆ ಹೋಯಿತೋ ನಾನಂತೂ ಕೇಳಲಿಲ್ಲ.

ಒಂದೂವರೆ ಮಾರ್ಕು ಕಡಿದದ್ದು ಬೆಂಚಿಗಷ್ಟೇ ಅಲ್ಲ. ಅಲ್ಲಿ ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಅಂತ ಬೋರ್ಡ್ ಇದೆ. ಒಂಬತ್ತನೇ ಕ್ಲಾಸಿನ ನನ್ನ ಮಗಳಿಗೆ ಮುಟ್ಟಿನ ಹೊಟ್ಟೆನೋವು ಜಾಸ್ತಿ, ಕೇಳಿಕೊಂಡು ಬಾ ಅಂತ ಕಳಿಸಿದೆ. ಕ್ಲಿನಿಕ್ ಅಂದರೆ ಮಾತ್ರೆ ಕೊಡೋ ಕಿಟಕಿ ಪಕ್ಕ ಒಂದು ಮೇಜು, ಪರದೆ ಕೂಡ ಇಲ್ಲ. ಸಾಲಿನಲ್ಲಿದ್ದ ನಮ್ಮ ಬೀದಿಯ ಆಂಟಿ "ನಿಂಗೇನಮ್ಮ ಆಯ್ತು?" ಅಂತ ಕೇಳಿದ್ದೇ ತಡ, ಮಗಳು ಕೆಮ್ಮಿಗೆ ಔಷಧಿ ತಗೊಂಡು ವಾಪಸ್ ಬಂದಳು. ಈಗ ಏನಿದ್ದರೂ ಆಶಾ ಅಕ್ಕನಿಗೇ ಫೋನ್ ಮಾಡುತ್ತಾಳೆ.

9ನೇ ತಾರೀಖು ಹೋಗುವವರು ಎಂಟೂವರೆಗೇ ಹೋಗಿ. ನೀರಿನ ಬಾಟಲಿ ಮರೀಬೇಡಿ.